ಡ್ರೈವಿಂಗ್ ಮೇಷ್ಟ್ರ ದೂರದ ಲೆನ್ಸು

ಅವರ ಬಲಗಾಲು ಎಲ್ಲಿ ಕೂತರೂ ಬ್ರೇಕ್ ಒತ್ತುತ್ತಿತ್ತು. ನನ್ನ ಅಂಗಡಿಯ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು ಚಹಾ ಕುಡಿಯುವಾಗ ಎದುರಿನ ರಸ್ತೆಯಲ್ಲಿ ಯಾರಾದರೂ ಅಡ್ಡಾದಿಡ್ಡಿ ಬೈಕ್ ನುಗ್ಗಿಸಿದರೆ ಸಾಕು, ಮಾತು ಅರ್ಧಕ್ಕೇ ನಿಂತು, ಅವರ ಬಲಗಾಲಿನ ಹೆಬ್ಬೆರಳು ಸಿಮೆಂಟ್ ನೆಲವನ್ನು ಗಟ್ಟಿಯಾಗಿ ಅದುಮುತ್ತಿತ್ತು. ಬೈಕು ಸುರಕ್ಷಿತವಾಗಿ ದಾಟಿ ಹೋದ ಮೇಲೆ ಕಾಲು ಸಡಿಲವಾಗಿ, ನಿಂತ ಮಾತು ನಿಂತಲ್ಲಿಂದಲೇ ಮುಂದುವರಿಯುತ್ತಿತ್ತು. ಬಲಗಾಲಿನ ಚಪ್ಪಲಿ ಎಡಗಾಲಿನದಕ್ಕಿಂತ ಎಷ್ಟೋ ಮೊದಲೇ ಸವೆದುಹೋಗುತ್ತಿತ್ತು. "ಒಂದೇ ಕಾಲಿನ ಚಪ್ಪಲಿ ಮಾರೋ ಅಂಗಡಿ ಎಲ್ಲಾದ್ರೂ ಐತೇನ್ರೀ?" ಎಂದು ಅವರೇ ಕೇಳಿ ನಗುತ್ತಿದ್ದರು.

ನ್ಯಾಮತಿಯಲ್ಲಿ ಅವರದೊಂದು ಡ್ರೈವಿಂಗ್ ಸ್ಕೂಲ್ ಇತ್ತು. ಸ್ಕೂಲ್ ಎಂದರೆ ಒಂದು ಕೋಣೆ, ಗೋಡೆಗೆ ಟ್ರಾಫಿಕ್ ಚಿಹ್ನೆಗಳ ಪಟ, ಹೊರಗೆ ಬಣ್ಣ ಮಾಸಿದ ಒಂದು ಕೆಂಪು ಕಾರು. ಆ ಕಾರಿನ ಎಡಗಡೆಯ ಸೀಟಿನ ಮುಂದೆಯೂ ಒಂದು ಬ್ರೇಕ್, ಒಂದು ಕ್ಲಚ್ ಇದ್ದವು. ಅವರ ಕೆಲಸವೆಲ್ಲ ಆ ಸೀಟಿನಲ್ಲಿ. ಊರೆಲ್ಲ ಅವರನ್ನು ಮೇಷ್ಟ್ರು ಎನ್ನುತ್ತಿತ್ತು. ಅವರ ಪಕ್ಕದ ಮಳಿಗೆ ನನ್ನದು. ನಾನು ಸಿಸಿ ಕ್ಯಾಮೆರಾ ಹಾಕುವವನು. ನಮ್ಮ ಕಡೆ ಜನ ಕಳ್ಳರನ್ನು ಹಿಡಿಯಲೆಂದು ಕ್ಯಾಮೆರಾ ಹಾಕಿಸುತ್ತಾರೆ, ಆಮೇಲೆ ಅದರಲ್ಲಿ ಪಕ್ಕದ ಮನೆಗೆ ಯಾರು ಬಂದರು, ಯಾರು ಹೋದರು ಎಂದು ನೋಡಿಕೊಂಡು ಕೂರುತ್ತಾರೆ. ಅದೂ ಒಂದು ವ್ಯಾಪಾರ, ನಡೆದುಕೊಂಡು ಬಂದಿದೆ. ಮೇಷ್ಟ್ರು ನನ್ನನ್ನು ಹೆಸರು ಹಿಡಿದು ಕರೆದವರೇ ಅಲ್ಲ, "ಕ್ಯಾಮೆರಾ ಸಾಹೇಬ್ರು" ಎನ್ನುತ್ತಿದ್ದರು. ಅದರಲ್ಲಿ ಗೌರವ ಎಷ್ಟು, ಕೀಟಲೆ ಎಷ್ಟು ಎಂದು ನನಗೆ ಕೊನೆಯವರೆಗೂ ತಿಳಿಯಲಿಲ್ಲ.

ಅವರು ಯಾರಿಗೂ ಕೂಗಿ ಕಲಿಸಿದವರಲ್ಲ. ಕಲಿಯುವವರು ತಪ್ಪು ಮಾಡಿದರೆ ಸುಮ್ಮನಾಗಿಬಿಡುತ್ತಿದ್ದರು. ಆ ಸುಮ್ಮನಿರುವಿಕೆಗಿಂತ ಬೈಗುಳವೇ ವಾಸಿ ಎಂದು ಕಲಿತವರೆಲ್ಲ ಹೇಳುತ್ತಾರೆ. ಮೊದಲ ದಿನ ಗಾಡಿ ಓಡಿಸುವುದನ್ನು ಹೇಳಿಕೊಡುತ್ತಿರಲಿಲ್ಲ, ನಿಲ್ಲಿಸುವುದನ್ನು ಹೇಳಿಕೊಡುತ್ತಿದ್ದರು. "ನಿಲ್ಸಾಕೆ ಬಂದ್ರೆ ಓಡ್ಸಾಕೆ ತಾನಾಗೇ ಬರ್ತೈತ್ರೀ" ಎನ್ನುವುದು ಅವರ ಮಾತು. ಹೆಂಗಸರು, ಗಂಡಸರು, ಕಾಲೇಜಿನ ಹುಡುಗರು, ಎಲ್ಲರಿಗೂ 'ರೀ'. ಸ್ಟೇರಿಂಗ್ ಹಿಡಿದವರ ಜೊತೆ ಏಕವಚನದಲ್ಲಿ ಮಾತಾಡಬಾರದು, ಅವರ ಕೈ ನಡುಗುತ್ತದೆ ಎಂದು ನಂಬಿದ್ದರು.

ಡ್ಯಾಶ್‌ಬೋರ್ಡಿನ ಮೇಲೆ ಒಂದು ಪುಟ್ಟ ಬುದ್ಧನ ಮೂರ್ತಿ ಇತ್ತು. ಅವರ ಮನೆಯವರೆಲ್ಲ ಬುದ್ಧನನ್ನು ನಂಬಿದವರು, ಪೂಜೆ ಪುನಸ್ಕಾರದ ಗೋಜಿಗೆ ಹೋದವರಲ್ಲ. ಆದರೆ ಕಲಿತವರು ಹೊಸ ಕಾರು ತಂದು ನಾಲ್ಕು ಚಕ್ರದ ಕೆಳಗೂ ನಿಂಬೆಹಣ್ಣು ಇಡುವಾಗ ಪಕ್ಕದಲ್ಲೇ ನಿಂತಿರುತ್ತಿದ್ದರು. "ಇಡ್ರಿ ಇಡ್ರಿ, ಒಂದು ಮಾತ್ರ ಉಳಿಸ್ರಿ, ಶರಬತ್ತಿಗೆ ಬೇಕು" ಎನ್ನುತ್ತಿದ್ದರು. ನಮ್ಮೂರಿನಲ್ಲಿ ಒಂದು ಪದ್ಧತಿಯೇ ಬೆಳೆದುಬಿಟ್ಟಿತ್ತು. ಹೊಸ ಗಾಡಿಯ ಮೊದಲ ಸವಾರಿಯಲ್ಲಿ ಎಡಗಡೆಯ ಸೀಟು ಮೇಷ್ಟ್ರದು. ಹೆಂಡತಿಯಾಗಲಿ, ಅಪ್ಪನಾಗಲಿ, ಹಿಂದೆ ಕೂರಬೇಕು. ಸವಳಂಗದವರೆಗೆ ಹೋಗಿ, ಅಲ್ಲೊಂದು ಚಹಾ ಕುಡಿದು, ವಾಪಸು ಬಂದು ಅವರು "ಆಯ್ತ್ರೀ" ಎಂದರೆ ಮಾತ್ರ ಮನೆಯವರಿಗೆ ಸಮಾಧಾನ. ನನ್ನ ತಂಗಿ ಬಿಳಿ ಕಾರು ತಂದಾಗಲೂ ಹಾಗೇ ಆಯಿತು. ಅವಳು ಹೊನ್ನಾಳಿಯ ಹತ್ತಿರದ ಒಂದು ಶಾಲೆಯಲ್ಲಿ ಟೀಚರು. ಮೇಷ್ಟ್ರ ಕೈಯಲ್ಲೇ ಕಲಿತವಳು. ಅಂದು ಹಿಂದಿನ ಸೀಟಿನಲ್ಲಿ ಮುದುಡಿಕೊಂಡು ಕೂತವನು ನಾನು.

ಈಗ ಲೆನ್ಸಿನ ಕಥೆಗೆ ಬರುತ್ತೇನೆ. ಮೇಷ್ಟ್ರ ಕಾರಿನ ಗಾಜಿಗೆ ಒಂದು ಡ್ಯಾಶ್‌ಕ್ಯಾಮ್ ಅಂಟಿಸಿತ್ತು. ಕಲಿಯುವವರಿಗೆ ಅವರ ತಪ್ಪನ್ನು ಆಮೇಲೆ ತೋರಿಸಲು ಅನುಕೂಲ ಎಂದು ಹಾಕಿಸಿದ್ದು. ಒಂದು ದಿನ ಕಲಿಯಲು ಬಂದಿದ್ದ ಹೆಣ್ಣುಮಗಳೊಬ್ಬಳು ಓಡಿಸುತ್ತಿದ್ದಾಗ ಯಾರೋ ಪುಣ್ಯಾತ್ಮ ಹಿಂದಿನಿಂದ ಬಂದು, ಬಾಗಿಲು ಉಜ್ಜಿಕೊಂಡೇ ಮುಂದೆ ಹೋಗಿಬಿಟ್ಟ. ಯಾರಿಗೂ ಏಟಾಗಲಿಲ್ಲ. ಆದರೆ ಆ ಹುಡುಗಿ ಅವತ್ತು ಸ್ಟೇರಿಂಗ್ ಬಿಟ್ಟವಳು ಮತ್ತೆ ಹಿಡಿಯಲಿಲ್ಲ. ಮೇಷ್ಟ್ರು ಡ್ಯಾಶ್‌ಕ್ಯಾಮನ್ನು ಕಿತ್ತುಕೊಂಡು ನೇರ ನನ್ನ ಬಳಿ ಬಂದರು. ನೋಡಿದರೆ ಅದರಲ್ಲಿ ರಸ್ತೆಯ ಎರಡೂ ಕಡೆಯ ಮರ ಇದೆ, ಅರ್ಧ ಆಕಾಶ ಇದೆ, ಅವರದೇ ಬಾನೆಟ್ ಇದೆ. ಉಜ್ಜಿಕೊಂಡು ಹೋದ ಗಾಡಿ ಮಾತ್ರ ಬೆಂಕಿಪೊಟ್ಟಣದಷ್ಟು. ನಂಬರ್ ಪ್ಲೇಟ್ ಇರುವ ಜಾಗದಲ್ಲಿ ಒಂದು ಬಿಳಿ ಮಚ್ಚೆ.

"ಬಾಗ್ಲು ಹೋದ್ರೆ ಹೋಗ್ಲಿ ಸಾಹೇಬ್ರೇ, ಆ ಹೆಣ್ಮಗಳು ಕಲಿಯೋದು ಬಿಟ್ಟಳಲ್ಲ" ಎಂದರು. ಅದನ್ನು ಹೇಳುವಾಗ ಅವರ ಮುಖದಲ್ಲಿದ್ದದ್ದು ಸಿಟ್ಟಲ್ಲ, ಸಂಕಟ. "ಇದಕ್ಕೆ ದೂರದ್ದು ಕಾಣಂಗೆ ಮಾಡ್ರಿ."

"ಹಂಗೆಲ್ಲ ಬರಲ್ಲ ಮೇಷ್ಟ್ರೇ. ಇದು ಅಗಲ ನೋಡೋ ಲೆನ್ಸು. ದೂರದ್ದು ಹಾಕಿದ್ರೆ ಪಕ್ಕದ್ದು ಏನೂ ಕಾಣಲ್ಲ."

"ಪಕ್ಕದ್ದು ನಾನು ನೋಡ್ಕೊಂತೀನಿ. ದೂರದ್ದು ಅದು ನೋಡ್ಲಿ."

ನಾನು ಆಗಲ್ಲ ಎಂದೆ. ಮರುದಿನ ಬಂದು ಕೇಳಿದರು, ಆಗಲ್ಲ ಎಂದೆ. ಮತ್ತೆ ಬಂದರು. ಕೊನೆಗೆ ಅವರ ಕಾಟ ತಾಳಲಾರದೆ ಕೈ ಹಾಕಿದೆ. ಪ್ರತಿ ಮಳೆಗಾಲ ಸಿಡಿಲಿಗೆ ಸುಟ್ಟ ಕ್ಯಾಮೆರಾಗಳು ನನ್ನ ಅಂಗಡಿಗೆ ಬಂದು ಬೀಳುತ್ತವೆ. ಅವುಗಳಿಂದ ಬಿಚ್ಚಿಟ್ಟ ಲೆನ್ಸುಗಳ ಒಂದು ಡಬ್ಬವೇ ಇತ್ತು. ಡ್ಯಾಶ್‌ಕ್ಯಾಮಿನ ಲೆನ್ಸೂ ಅದೇ ಅಳತೆಯ ತಿರುಪಿನ ಸುತ್ತುಗಳಲ್ಲಿ ಕೂತಿತ್ತು. ಕಂಪನಿಯವರು ಅಲುಗಾಡದಿರಲೆಂದು ಗೋಂದು ಹಾಕಿಬಿಟ್ಟಿದ್ದರು. ಎದುರಿನ ಬ್ಯೂಟಿ ಪಾರ್ಲರಿನಿಂದ ಕೂದಲು ಒಣಗಿಸುವ ಯಂತ್ರ ತಂದು ಬಿಸಿಗಾಳಿ ಹಿಡಿದೆ. ಗೋಂದು ಮೆತ್ತಗಾಗಿ ಹಳೆ ಲೆನ್ಸು ಈಚೆಗೆ ಬಂತು. ಮೊದಲು ಕೂರಿಸಿದ ಉದ್ದದ ಲೆನ್ಸು ಅತಿಯಾಯಿತು, ಮುಂದಿನ ಲಾರಿಯ ಹಿಂದೆ ಬರೆಸಿದ ಕಣ್ಣುಗಳಲ್ಲಿ ಒಂದೇ ಕಣ್ಣು ಕಾಣುತ್ತಿತ್ತು. ಅದಕ್ಕಿಂತ ಸ್ವಲ್ಪ ಕಡಿಮೆಯದು ಹೊಂದಿತು. ಹೊಸದು ಹಳೆಯದಕ್ಕಿಂತ ಉದ್ದವಾದ್ದರಿಂದ ಮುಂದಿನ ಪ್ಲಾಸ್ಟಿಕ್ ಮುಚ್ಚಳದ ತೂತನ್ನು ಅರದಿಂದ ಉಜ್ಜಿ ದೊಡ್ಡದು ಮಾಡಬೇಕಾಯಿತು.

ಫೋಕಸ್ ಕೂರಿಸಿದ್ದು ಒಂದು ನಾಟಕ. ಮೇಷ್ಟ್ರು ಕಾರನ್ನು ರಸ್ತೆಯ ಆ ತುದಿಗೆ ಒಯ್ದು ನಿಲ್ಲಿಸಿ, ಫೋನಿನಲ್ಲಿ "ಕಾಣ್ತೈತಾ? ಈಗ ಕಾಣ್ತೈತಾ?" ಎಂದು ಉಸಿರು ಬಿಡದೆ ಕೇಳುತ್ತಿದ್ದರು. ನಾನು ಈ ತುದಿಯಲ್ಲಿ ಲೆನ್ಸನ್ನು ಕೂದಲೆಳೆಯಷ್ಟು ತಿರುಗಿಸುವುದು, ಪರದೆ ನೋಡುವುದು, ಮತ್ತೆ ತಿರುಗಿಸುವುದು. ನಂಬರ್ ಪ್ಲೇಟಿನ ಅಂಕಿಗಳು ಮಂಜಿನಿಂದ ಈಚೆಗೆ ಬಂದಾಗ ನನಗೇ ಖುಷಿಯಾಗಿ "ಬಂತು ಮೇಷ್ಟ್ರೇ!" ಎಂದು ಕೂಗಿದೆ. ಬ್ಯೂಟಿ ಪಾರ್ಲರಿನವರದೇ ಕೆಂಪು ನೇಲ್ ಪಾಲಿಶ್ ಹಚ್ಚಿ ಅದು ಅಲುಗದ ಹಾಗೆ ಕೂರಿಸಿದೆ. ಮರುದಿನ ಬೆಳಿಗ್ಗೆ ಮೇಷ್ಟ್ರು ಮತ್ತೆ ಹಾಜರ್. ಬಿಸಿಲಿಗೆ ಗಾಜಿನ ಹಿಂದೆ ಕಾದು ಫೋಕಸ್ ಜಾರಿತ್ತು. ಅದನ್ನು ಸರಿಮಾಡಿದರೆ ಚಿತ್ರ ನಡುಗುತ್ತದೆ ಎಂದು ಬಂದರು. ದೂರದ್ದು ಹತ್ತಿರ ಕಂಡರೆ ನಡುಕವೂ ಹತ್ತಿರ ಕಾಣುತ್ತದೆ, ಏನು ಮಾಡುವುದು? ಸೈಕಲ್ ಟ್ಯೂಬ್ ಕತ್ತರಿಸಿ ಕೆಳಗೆ ಮೆತ್ತೆ ಕೊಟ್ಟೆ. ಕೊನೆಗೆ ಬಣ್ಣದ ತಕರಾರು. ಆ ಲೆನ್ಸಿನಲ್ಲಿ ಹಸಿರು ಎಲೆಗಳೆಲ್ಲ ನಸುಗೆಂಪಾಗಿ ಕಾಣುತ್ತಿದ್ದವು. "ಬೇವಿನ ಮರಕ್ಕೆ ಜ್ವರ ಬಂದಂಗೈತಲ್ರೀ" ಎಂದರು. ಅದಕ್ಕೆ ಮದ್ದಿಲ್ಲ ಎಂದೆ. ಇರಲಿ ಬಿಡಿ ಎಂದು ನಕ್ಕು ಹೋದರು.

ಅದಾದ ಮೇಲೆ ಅವರಿಗೆ ಅದೊಂದು ಹೆಮ್ಮೆಯ ವಸ್ತುವಾಯಿತು. ಬಂದವರಿಗೆಲ್ಲ ತೋರಿಸಿದ್ದೇ ತೋರಿಸಿದ್ದು. ಸೂರಗೊಂಡನಕೊಪ್ಪದ ಕಡೆ ಜಾತ್ರೆಗೆ ಹೊರಟ ಗಾಡಿಗಳ ನಂಬರುಗಳನ್ನು ಒಂದೊಂದಾಗಿ ಓದಿ, ಯಾವ ಯಾವ ಜಿಲ್ಲೆಯಿಂದ ಜನ ಬಂದಿದ್ದಾರೆ ಎಂದು ನನಗೆ ವರದಿ ಒಪ್ಪಿಸಿದ್ದರು.

ಸುಗ್ಗಿ ಮುಗಿದ ಮೇಲೆ ಜಗಳೂರು ಕಡೆಯ ಕುರಿಗಾಹಿಗಳು ನಮ್ಮ ಕಡೆಗೆ ಮಂದೆ ಹೊಡೆದುಕೊಂಡು ಬರುತ್ತಾರೆ. ರಾತ್ರಿ ಹೊಲದಲ್ಲಿ ಕುರಿ ತರುಬಿ ನಿಲ್ಲಿಸಿದರೆ ಗೊಬ್ಬರವಾಗುತ್ತದೆಂದು ರೈತರು ಕರೆಸುತ್ತಾರೆ. ಹಾಗೆ ಬಂದಿದ್ದ ಒಬ್ಬ ಹಿರಿಯ ಸಾಯಂಕಾಲ ಹೊನ್ನಾಳಿ ರಸ್ತೆಯ ಅಂಚಿನಲ್ಲಿ ಹೆಗಲಿಗೆ ಕಂಬಳಿ ಹಾಕಿಕೊಂಡು ನಡೆಯುತ್ತಿದ್ದಾಗ ಯಾವುದೋ ಗಾಡಿ ತಾಗಿ ಬಿದ್ದ. ತೊಡೆಯ ಮೂಳೆ ಮುರಿಯಿತು. ಆಗ ಎದುರಿನಿಂದ ಒಂದು ಟೆಂಪೋ ಬರುತ್ತಿತ್ತು. ಅದನ್ನು ಓಡಿಸುತ್ತಿದ್ದವನು ಚನ್ನಗಿರಿ ತಾಲ್ಲೂಕು ನಲ್ಲೂರಿನ ಕಡೆಯವನು. ಗಾಡಿ ನಿಲ್ಲಿಸಿ ಓಡಿಹೋಗಿ ಮುದುಕನನ್ನು ಎತ್ತಿದ. ಹೊಲದಿಂದ ಜನ ಓಡಿಬಂದಾಗ ಅವರ ಕಣ್ಣಿಗೆ ಬಿದ್ದದ್ದು ರಸ್ತೆಯಲ್ಲಿ ನಿಂತ ಟೆಂಪೋ, ರಕ್ತ ಹತ್ತಿದ ಅಂಗಿ. ಸಾಕಲ್ಲ. ನಮ್ಮಲ್ಲಿ ನಿಂತವನೇ ಸಿಕ್ಕಿಬೀಳುವುದು. ನಾಲ್ಕು ಏಟು ಹಾಕಿ, ಟೆಂಪೋ ಸಮೇತ ಠಾಣೆಗೆ ಒಪ್ಪಿಸಿದರು. ಮುದುಕನಿಗೆ ಹಿಂದಿನಿಂದ ತಾಗಿತ್ತು, ಯಾವ ಗಾಡಿ ಎಂದು ಅವನೂ ನೋಡಿರಲಿಲ್ಲ.

ಮೇಷ್ಟ್ರಿಗೆ ಈ ಸುದ್ದಿ ಚಹಾದಂಗಡಿಯಲ್ಲಿ ತಿಳಿಯಿತು. ಅಪಘಾತವಾದ ಹೊತ್ತಿಗೆ ಅದೇ ರಸ್ತೆಯಲ್ಲಿ, ಸಾಕಷ್ಟು ಹಿಂದೆ, ಅವರು ಒಬ್ಬರಿಗೆ ಕಲಿಸುತ್ತಿದ್ದರು. ಕಲಿಯುವವರ ಕೈಕಾಲಿನ ಮೇಲೆ ಕಣ್ಣಿಟ್ಟಿದ್ದರಿಂದ ಮುಂದೆ ನಡೆದದ್ದು ಅವರ ಗಮನಕ್ಕೆ ಬಂದಿರಲಿಲ್ಲ. ರಿವರ್ಸ್ ಕಲಿಸಲೆಂದು ಅಲ್ಲಿಗೆ ಮುಟ್ಟುವ ಮೊದಲೇ ಅಡ್ಡರಸ್ತೆಗೆ ಇಳಿದಿದ್ದರು. "ನಮ್ಮ ಕಣ್ಣಿಗೆ ಬೀಳದಿದ್ರೂ ಲೆನ್ಸಿಗೆ ಬಿದ್ದಿರ್ತೈತೆ. ಆ ಟೆಂಪೋದೋನು ಹೊಡೆದಿಲ್ಲ ಅಂದ್ರೆ ಬಿಡಿಸ್ಬೋದಲ್ರೀ" ಎಂದು ಡ್ಯಾಶ್‌ಕ್ಯಾಮಿನ ಮೆಮೊರಿ ಕಾರ್ಡ್ ಹಿಡಿದುಕೊಂಡು ಹುರುಪಿನಿಂದ ನನ್ನ ಅಂಗಡಿಗೆ ಬಂದರು.

ದೊಡ್ಡ ಪರದೆಗೆ ಹಾಕಿದೆ. ನಸುಗೆಂಪು ಬೇವಿನ ಮರಗಳು, ನೇರ ರಸ್ತೆ. ದೂರದಲ್ಲಿ ಅಂಚಿಗೆ ಒಬ್ಬ ಮನುಷ್ಯ. ಒಂದು ಬಿಳಿ ಕಾರು ಅವನ ಪಕ್ಕದಲ್ಲಿ ಹಾದು ಹೋಗುತ್ತದೆ. ಎಡಗಡೆಯ ಕನ್ನಡಿ ಅವನ ಹೆಗಲಿನ ಕಂಬಳಿಗೆ ತಾಗುತ್ತದೆ. ಅವನು ಗಿರ್ರನೆ ತಿರುಗಿ ಬೀಳುತ್ತಾನೆ. ಕಾರು ಹೋಗುತ್ತಲೇ ಇರುತ್ತದೆ. ಆಮೇಲೆ ಎದುರಿನಿಂದ ಟೆಂಪೋ ಬಂದು ನಿಲ್ಲುತ್ತದೆ.

"ಹೇಳಿದ್ನಾ ಇಲ್ವಾ! ಆ ಟೆಂಪೋ ಅವನ ಹತ್ರಾನೂ ಹೋಗಿಲ್ಲ. ಬಿಳಿ ಕಾರ್ ನಂಬರ್ ದೊಡ್ಡದು ಮಾಡ್ರಿ" ಎಂದರು ಮೇಷ್ಟ್ರು.

ಮಾಡಿದೆ. ನಾನೇ ಬಿಸಿಗಾಳಿ ಹಿಡಿದು, ಕೂದಲೆಳೆಯಷ್ಟು ತಿರುಗಿಸಿ, ಕೆಂಪು ಪಾಲಿಶ್ ಹಚ್ಚಿ ಕೂರಿಸಿದ ಲೆನ್ಸು ಒಂದೊಂದು ಅಂಕಿಯನ್ನೂ ಬಿಡಿಸಿ ಬಿಡಿಸಿ ತೋರಿಸಿತು. ಅದು ನನ್ನ ತಂಗಿಯ ಕಾರು.

ಮನೆ, ಮಕ್ಕಳು, ಅವಳ ಕೆಲಸ, ಠಾಣೆ, ಕೋರ್ಟು ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದವು. ಆ ಹಾಳು ಲೆನ್ಸನ್ನು ಅವತ್ತೇ ಕಲ್ಲಿನ ಮೇಲಿಟ್ಟು ಜಜ್ಜಬೇಕಿತ್ತು ಎನ್ನಿಸಿತು. ಮೇಷ್ಟ್ರು, "ನೀವು ಭಾಳ ಚೆಂದ ಕೂರಿಸೀರಿ ಸಾಹೇಬ್ರೇ" ಎಂದರು. ಅದರಲ್ಲಿ ಕೀಟಲೆ ಇರಲಿಲ್ಲ. ಕಾರ್ಡನ್ನು ತಾವೇ ಹೊರಗೆ ತೆಗೆದು ಅಂಗಿಯ ಜೇಬಿಗೆ ಹಾಕಿಕೊಂಡರು. "ಠಾಣೆಗೆ ಆಮೇಲೆ. ಮೊದ್ಲು ಟೀಚರಮ್ಮನ ಮನೆಗೆ ಹೋಗಾನ ನಡ್ರಿ."

ತಂಗಿ ಮನೆಯ ಪಡಸಾಲೆಯಲ್ಲಿ ಮಕ್ಕಳ ಉತ್ತರಪತ್ರಿಕೆ ತಿದ್ದುತ್ತಿದ್ದಳು. ನಾವಿಬ್ಬರೂ ಒಟ್ಟಿಗೆ ಬಾಗಿಲಲ್ಲಿ ನಿಂತದ್ದು ನೋಡಿ ಅವಳ ಕೈಯ ಕೆಂಪು ಪೆನ್ನು ಅಲ್ಲೇ ನಿಂತಿತು. ಯಾರೂ ಏನೂ ಹೇಳುವ ಮೊದಲೇ, "ಮೇಷ್ಟ್ರೇ, ಅದು ನಾನೇನಾ?" ಎಂದಳು.

"ಹೌದ್ರೀ ಟೀಚರಮ್ಮ" ಎಂದರು ಮೇಷ್ಟ್ರು.

ಅವತ್ತು ಅವಳಿಗೆ ಟಕ್ ಎಂದು ಸದ್ದು ಕೇಳಿಸಿತ್ತಂತೆ. ಚಕ್ರಕ್ಕೆ ಸಿಕ್ಕಿದ ಕಲ್ಲು ಸಿಡಿದಿರಬೇಕು ಎಂದುಕೊಂಡಳಂತೆ. ಮರುದಿನ ಶಾಲೆಯಲ್ಲಿ ಸುದ್ದಿ ಕೇಳಿದಳು. ಹೊರಗೆ ಹೋಗಿ ಕಾರಿನ ಕನ್ನಡಿ ನೋಡಿದರೆ ಕಂಬಳಿಯ ಒಂದು ಕರಿ ಎಳೆ ಅದರ ಸಂದಿಗೆ ಸಿಕ್ಕಿಕೊಂಡಿತ್ತು. ಅದನ್ನು ತೆಗೆದು ಎಸೆಯಲೂ ಆಗದೆ, ಯಾರಿಗೂ ಹೇಳಲೂ ಆಗದೆ ಒದ್ದಾಡುತ್ತಿದ್ದಳು. ಗಂಡ ಕೆಲಸದ ಮೇಲೆ ಹೊರಗೂರಿಗೆ ಹೋಗಿದ್ದ. ಹೇಳಿ ಮುಗಿಸುವಷ್ಟರಲ್ಲಿ ಅವಳು ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ಮೇಷ್ಟ್ರು ಒಳಗೆ ಹೋಗಿ ತಾವೇ ಒಂದು ಲೋಟ ನೀರು ತಂದುಕೊಟ್ಟರು. ಅವಳು ಕುಡಿಯುವವರೆಗೂ ಕಾದರು.

"ಗಾಡಿ ತೆಗೀರಿ. ನೀವೇ ಓಡಿಸ್ರಿ. ನಾನು ಪಕ್ಕದಾಗೆ ಕೂರ್ತೀನಿ."

"ನನ್ನ ಕೈ ನಡುಗ್ತಿದೆ ಮೇಷ್ಟ್ರೇ, ಅಣ್ಣ ಓಡಿಸ್ಲಿ."

"ನಡುಗ್ಲಿ. ಮೊದಲ್ನೇ ದಿನಾನೂ ನಡುಗಿತ್ತು."

ಅವರಿಬ್ಬರೂ ಕಾರಿನಲ್ಲಿ ಹೊರಟರು. ನಾನು ಬೈಕಿನಲ್ಲಿ ಹಿಂದೆ. ಕಾರು ಎಷ್ಟು ನಿಧಾನ ಹೋಗುತ್ತಿತ್ತೆಂದರೆ ಸೈಕಲ್ಲುಗಳೂ ಅದನ್ನು ದಾಟಿ ಹೋಗುತ್ತಿದ್ದವು. ಠಾಣೆ ಇನ್ನೂ ದೂರವಿರುವಾಗಲೇ ಅದು ಒಂದು ಮರದ ಕೆಳಗೆ ನಿಂತುಬಿಟ್ಟಿತು. ನಾನು ಹತ್ತಿರ ಹೋಗಲು ನೋಡಿದೆ. ಎಡಗಡೆಯ ಕಿಟಕಿಯಿಂದ ಮೇಷ್ಟ್ರ ಕೈ ಹೊರಗೆ ಬಂದು, ಅಲ್ಲೇ ಇರಿ ಎಂದು ಸನ್ನೆ ಮಾಡಿತು. ಅಲ್ಲೇ ನಿಂತೆ. ಒಳಗೆ ಏನೋ ಮಾತಾಗುತ್ತಿತ್ತು, ಕೇಳಿಸಲಿಲ್ಲ. ಸ್ವಲ್ಪ ಹೊತ್ತಿಗೆ ಕಾರು ಮತ್ತೆ ಹೊರಟಿತು.

ಠಾಣೆಯಲ್ಲಿ ತಂಗಿ ನಿಂತುಕೊಂಡೇ ಎಲ್ಲ ಹೇಳಿದಳು. ಎಲ್ಲೂ ಮಾತು ತಪ್ಪಲಿಲ್ಲ. ಕಾರ್ಡನ್ನು ಅವಳೇ ಮೇಜಿನ ಮೇಲಿಟ್ಟಳು. ಬರೆದುಕೊಳ್ಳುತ್ತಿದ್ದ ಅಧಿಕಾರಿ ಮೇಷ್ಟ್ರ ಕಡೆ ನೋಡಿ, ನೀವು ಯಾರು ಎಂದರು. "ಇವರಿಗೆ ಕಲಿಸಿದೋನು ಸಾರ್. ಎಡಗಡೆ ಎಷ್ಟು ಜಾಗ ಬಿಡಬೇಕು ಅಂತ ನಾನು ಇನ್ನೂ ಸರಿಯಾಗಿ ಹೇಳ್ಕೊಡಬೇಕಿತ್ತು. ಅದನ್ನೂ ಬರ್ಕೊಳ್ಳಿ" ಎಂದರು. ಅಧಿಕಾರಿ ನಕ್ಕರು, ಬರೆದುಕೊಳ್ಳಲಿಲ್ಲ. ಮೇಷ್ಟ್ರು ನಗಲಿಲ್ಲ.

ಟೆಂಪೋದವನನ್ನು ಹೊರಗೆ ಬಿಟ್ಟರು. ಹುಬ್ಬಿನ ಮೇಲೆ ಗಾಯ, ಹರಿದ ಅಂಗಿಯ ತೋಳು. ತಂಗಿ ಅವನಿಗೆ ಕೈ ಮುಗಿದು ನಿಂತಳು. ಅವನು ಅವಳನ್ನು ನೋಡಿ, "ಅಜ್ಜ ಹೆಂಗದಾನಂತೆ ಅಕ್ಕಾ?" ಎಂದು ಕೇಳಿದ. ಅಷ್ಟು ಏಟು ತಿಂದವನು ಮೊದಲು ಕೇಳಿದ್ದು ಅದನ್ನು. ನಾನು ಗೋಡೆಯ ಕಡೆ ತಿರುಗಿಕೊಂಡೆ.

ಕೇಸು ನಡೆಯಿತು, ವಿಮೆಯವರು ಬಂದರು, ತಂಗಿ ಕೋರ್ಟಿಗೆ ಅಲೆದಳು. ಆಡಿಕೊಳ್ಳುವವರು ಆಡಿಕೊಂಡರು. ಆಸ್ಪತ್ರೆಗೆ ಅವಳು ಬಿಡದೆ ಹೋಗಿಬರುತ್ತಿದ್ದಳು, ಮೇಷ್ಟ್ರು ಜೊತೆಗಿರುತ್ತಿದ್ದರು. ಕುರಿಗಾಹಿ ಅಜ್ಜ ಮೊದಮೊದಲು ಮುಖ ತಿರುಗಿಸಿಕೊಂಡು ಮಲಗುತ್ತಿದ್ದ. ಆಮೇಲಾಮೇಲೆ ಮೇಷ್ಟ್ರ ಹತ್ತಿರ ಮಂದೆಯ ಸುದ್ದಿ ವಿಚಾರಿಸತೊಡಗಿದ. ಕೋಲೂರಿಕೊಂಡು ಜಗಳೂರಿಗೆ ವಾಪಸು ಹೊರಟ ದಿನ ತಂಗಿಗೆ, "ಇನ್ಮ್ಯಾಲೆ ಕುರಿ ಕಂಡ್ರೆ ಹಾರ್ನ್ ಹೊಡಿಬ್ಯಾಡವ್ವ, ಬೆದರ್ತಾವೆ" ಎಂದಷ್ಟೇ ಹೇಳಿದನಂತೆ.

ಕಳೆದ ಮಳೆಗಾಲದಲ್ಲಿ ಮೇಷ್ಟ್ರು ಹಾಸಿಗೆ ಹಿಡಿದರು. ಮೂತ್ರಪಿಂಡದ ತೊಂದರೆ. ಮಾತಾಡಿಸಲು ಹೋದರೆ, ಕಲಿಕೆ ಅರ್ಧಕ್ಕೆ ನಿಂತವರ ಬಗ್ಗೆಯೇ ಚಿಂತೆ. ಕಾರಿನ ಬಾಗಿಲು ಉಜ್ಜಿಹೋದ ದಿನ ಸ್ಟೇರಿಂಗ್ ಬಿಟ್ಟವಳನ್ನಂತೂ ಮರೆತಿರಲಿಲ್ಲ. ಅವಳು ಮತ್ತೆ ಕಲಿಯಲು ಬಂದಳೇ ಎಂದು ಕೇಳುತ್ತಿದ್ದರು. ಬರಲಿಲ್ಲ ಎನ್ನಲು ನನಗೆ ಬಾಯಿ ಬರುತ್ತಿರಲಿಲ್ಲ. ಹೆಚ್ಚು ದಿನ ನರಳಲಿಲ್ಲ. ಮನೆಯವರು ಬುದ್ಧ ವಂದನೆ ಹೇಳಿ ಕಳಿಸಿಕೊಟ್ಟರು. ಅವರ ಬೀದಿಯಲ್ಲಿ ಅಂದು ನಿಂತ ಕಾರುಗಳಿಗೆ ಲೆಕ್ಕವಿರಲಿಲ್ಲ. ಒಂದೂ ಅಡ್ಡಾದಿಡ್ಡಿಯಾಗಿ ನಿಂತಿರಲಿಲ್ಲ.

ಮಣ್ಣು ಮಾಡಿ ಬರುವಾಗ ತಂಗಿಯ ಕಾರಿನಲ್ಲಿ ನಾವಿಬ್ಬರೇ ಇದ್ದೆವು. ಅಂದು ಮರದ ಕೆಳಗೆ ಏನಾಯಿತೆಂದು ಅವಳನ್ನು ಅದುವರೆಗೆ ಕೇಳಿರಲಿಲ್ಲ. ಅವಳೇ ಹೇಳಿದಳು.

"ಮುಂದೆ ಹೋಗಾಕೆ ಆಗಲಿಲ್ಲ ಅಣ್ಣ. ಗಾಡಿ ನಿಲ್ಲಿಸಿಬಿಟ್ಟೆ. ಮೇಷ್ಟ್ರೇ, ನಿಮ್ಮ ಕಾಲಿಗೆ ಬೀಳ್ತೀನಿ, ಆ ಕಾರ್ಡ್ ಮುರಿದು ಹಾಕ್ರಿ ಅಂದೆ. ಅವರು ಜೇಬಿಂದ ತೆಗೆದು ನನ್ನ ಕೈಗೇ ಕೊಟ್ಟರು. ತಗೊಳ್ರಿ, ನನ್ನ ಹತ್ರ ಬೇರೆ ಕಾಪಿ ಇಲ್ಲ ಅಂದರು. ನಾನು ಇದನ್ನ ಮುರಿದ್ರೆ ನೀವು ಏನು ಮಾಡ್ತೀರಿ ಅಂತ ಕೇಳಿದೆ. ಠಾಣೆಗೆ ಹೋಗಿ, ಟೆಂಪೋದೋನು ಹೊಡೆದಿಲ್ಲ, ನಾನು ನೋಡೀನಿ ಅಂತ ಹೇಳ್ತೀನಿ, ಅವರು ನಂಬಿದ್ರೆ ನಂಬ್ತಾರೆ ಅಂದರು. ಮತ್ತೆ ಯಾರು ಹೊಡೆದಿದ್ದು ಅಂತ ಕೇಳಿದ್ರೆ? ಅಂದೆ. ಅದನ್ನ ಹೇಳೋದು ನನ್ನ ಕೆಲಸ ಅಲ್ಲ ಟೀಚರಮ್ಮ, ಅದು ನಿಮ್ಮದು ಅಂದರು. ಆಮೇಲೆ ಒಂದು ಮಾತೂ ಆಡಲಿಲ್ಲ. ನನ್ನ ಕಡೆ ನೋಡಲೂ ಇಲ್ಲ, ಸುಮ್ಮನೆ ರಸ್ತೆ ನೋಡ್ತಾ ಕೂತರು."

ನನ್ನ ತಂಗಿ ಈಗಲೂ ಕನ್ನಡಿಯ ಮುಂದೆ ತಲೆ ಎತ್ತಿ ನಿಲ್ಲುತ್ತಾಳೆ. ಮಕ್ಕಳಿಗೆ ಸತ್ಯ ಹೇಳಿ ಎಂದು ಕಲಿಸುವಾಗ ಅವಳ ನಾಲಿಗೆ ತಡವರಿಸುವುದಿಲ್ಲ. ಅದು ಮೇಷ್ಟ್ರು ನಮ್ಮ ಮನೆಗೆ ಕೊಟ್ಟುಹೋದದ್ದು, ನಾವು ಯಾವ ಜನ್ಮದಲ್ಲೂ ತೀರಿಸಲಾಗದ್ದು.

"ಕಾರ್ಡ್ ನಿನ್ನ ಕೈಯಲ್ಲೇ ಇತ್ತಲ್ಲ. ಆಮೇಲೆ ಏನು ಮಾಡಿದೆ?" ಎಂದು ಕೇಳಿದೆ.

"ಏನು ಮಾಡಲಿ? ಕನ್ನಡಿ ನೋಡಿ, ಇಂಡಿಕೇಟರ್ ಹಾಕಿ, ಗಾಡಿ ರಸ್ತೆಗೆ ತಂದೆ ಅಣ್ಣ" ಎಂದಳು.